ಹುಡುಗಿ ಕಡೆಯವರು

ಬ್ಲಾಂಕಾಳ ಮದುವೆಗೆ ಹೋಗಲೇಬೇಕೆಂದು ಲಿಬುಶೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬ್ಲಾಂಕಾ ಅವಳ ಸೊಸೆಯಾಗಬೇಕಿದ್ದವಳು. ಮದುವೆಗೆ ಹನ್ನೊಂದು ದಿನ ಇರುವಾಗ ಮಗ ರಾದಿಮ್ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಮೂರು ವರ್ಷ ಹುಡುಗಿ ಪ್ರತಿ ಭಾನುವಾರ ಬಂದು, ಅವಳ ಜೊತೆ ಉಂಡು, ಪಾತ್ರೆ ಒರೆಸಿಟ್ಟು ಹೋಗುತ್ತಿದ್ದಳು. "ಇನ್ನೆಷ್ಟು ದಿನ ಅಂತ ಹೀಗಿರ್ತೀಯೇ? ಮದುವೆ ಮಾಡ್ಕೊ" ಎಂದು ಬೆನ್ನು ಬಿದ್ದವಳೂ ಲಿಬುಶೆಯೇ.

ಮದುವೆ ಗೊತ್ತಾಗಿದ್ದು ಪ್ರಾಗ್‌ನ ಹಳೆಯ ಕೇರಿಯಲ್ಲಿ, ವಲ್ತಾವಾ ನದಿಯ ದಂಡೆಗೆ ಅಂಟಿಕೊಂಡ, ಬರೋಕ್ ಕಾಲದ ಹಳೆಯ ಅರಮನೆ ತೋಟದಲ್ಲಿ. ರಾದಿಮ್‌ನ ಮದುವೆಗೂ ಒಮ್ಮೆ ಇದನ್ನು ನೋಡಿಹೋಗಿದ್ದರು. ಮೂಗು ಮುರಿದ ಕಲ್ಲಿನ ದೇವತೆಯ ಪಕ್ಕ ನಿಂತು ಅವನು ಅಂದಿದ್ದ: "ಬೇಡಮ್ಮಾ, ಈ ನವಿಲುಗಳು ಕಿರುಚಿದ್ರೆ ನಾನು ಒಪ್ಪಿದ್ನೋ ಇಲ್ವೋ ಅಂತ್ಲೇ ಗೊತ್ತಾಗಲ್ಲ."

ಉಂಗುರ ತೊಡಿಸುವ ಹೊತ್ತಿಗೆ ನವಿಲು ಕಿರುಚಿಯೇಬಿಟ್ಟಿತು. ಎಲ್ಲರೂ ಗೊಳ್ಳೆಂದು ನಕ್ಕರು. ಬ್ಲಾಂಕಾ ಮಾತ್ರ ತಿರುಗಿ ಲಿಬುಶೆಯನ್ನು ನೋಡಿದಳು. ಲಿಬುಶೆ ಕಷ್ಟಪಟ್ಟು ನಕ್ಕಳು.

ಆಮೇಲೆ ಮದುಮಗ ಹೀನೆಕ್‌ನ ಸೋದರತ್ತೆ ತಟ್ಟೆ ತುಂಬ ಮದುವೆಯ ಸಿಹಿ ರೊಟ್ಟಿ ಹಿಡಿದು ಬಂದಳು.

"ನಿಮ್ಮನ್ನ ನೋಡೇ ಇಲ್ವಲ್ಲ! ಹುಡುಗನ ಕಡೆಯೋರಾ, ಹುಡುಗಿ ಕಡೆಯೋರಾ?"

"ಹುಡುಗಿ ಕಡೆ."

"ಹಂಗಾದ್ರೆ ಅತ್ತು ಮುಗಿಸ್ಕೊಳ್ಳಿ. ಮುಂದಿನ ವಾರ ನಮ್ಮ ಹೀನೆಕ್ ಅವಳನ್ನ ದೇಶದ ಆ ತುದೀಲಿರೋ ಓಸ್ತ್ರಾವಾಕ್ಕೇ ಕರ್ಕೊಂಡು ಹೋಗ್ತಾನೆ. ಕೆಲಸ, ಮನೆ ಎಲ್ಲಾ ಅಲ್ಲೇ."

ಲಿಬುಶೆ ಕಚ್ಚಿದ ರೊಟ್ಟಿಯನ್ನು ಮತ್ತೆ ತಟ್ಟೆಗೇ ಇಟ್ಟುಬಿಟ್ಟಳು. ದೂರದಿಂದ ಗಮನಿಸಿದ ಬ್ಲಾಂಕಾ ಲಂಗ ಎತ್ತಿ ಹಿಡಿದು ಓಡಿಬಂದಳು.

"ಅಮ್ಮಾ, ನಾನೇ ಹೇಳ್ಬೇಕು ಅಂತಿದ್ದೆ. ಬಾಯೇ ಬರ್ಲಿಲ್ಲ."

"ಗಂಡನ ಜೊತೆ ಹೋಗೋದಕ್ಕೆ ನನ್ನನ್ನೇನು ಕೇಳೋದು ಹುಚ್ಚಿ? ಅಳ್ಬೇಡ, ಕಾಡಿಗೆ ಹರಿಯುತ್ತೆ."

"ಫೋನ್ ಮಾಡ್ತೀನಮ್ಮಾ."

"ಮಾಡು. ಅಲ್ಲಿ ಚಳಿ ಜಾಸ್ತಿ, ಕಿವಿ ಮುಚ್ಕೊಂಡು ಓಡಾಡು."

"ಮನೆಯವರಷ್ಟೇ ಬನ್ನಿ!" ಎಂದು ಫೋಟೋದವನು ಕೂಗಿದ. ಲಿಬುಶೆ ಹಿಂದೆ ಸರಿದಳು. ಬ್ಲಾಂಕಾ ಅವಳ ಕೈ ಹಿಡಿದೆಳೆದು ತನ್ನ ಮಗ್ಗುಲಲ್ಲೇ ನಿಲ್ಲಿಸಿಕೊಂಡಳು. ಇದು ಯಾರೆಂದು ಯಾರೋ ಕೇಳಿದರು. ಹೀನೆಕ್, "ನಮ್ಮಮ್ಮನ ಹಾಗೆ" ಅಂದ. ಒಳ್ಳೆಯ ಹುಡುಗ. ಅವನನ್ನು ದ್ವೇಷಿಸಲೂ ಅವಳಿಗೆ ಆಗಲಿಲ್ಲ.

ಊಟಕ್ಕೆ ಎಲ್ಲರೂ ಏಳುವಾಗ ಲಿಬುಶೆ ಯಾರಿಗೂ ಹೇಳದೆ ಹೊರಟಳು. ನದಿಯ ಕಡೆಯ ಬಾಗಿಲು ದಾಟಿ, ಗೋಡೆಗೆ ಒರಗಿದಳು. ರಾದಿಮ್ ಸತ್ತ ದಿನ ಬ್ಲಾಂಕಾಳನ್ನು ಸಂಭಾಳಿಸುವುದರಲ್ಲಿ ತನ್ನ ಅಳುವನ್ನು ನುಂಗಿಕೊಂಡಿದ್ದಳು. ಇವತ್ತು ಸಂಭಾಳಿಸಬೇಕಾದವರು ಯಾರೂ ಉಳಿದಿರಲಿಲ್ಲ. ಓಡಾಡುವವರು ತಿರುಗಿ ನೋಡುವಷ್ಟು ಜೋರಾಗಿ ಅತ್ತಳು.