ತಳ ಮುಟ್ಟಿ ಗೆದ್ದ ಸೀಸದ ಗುಂಡು

ನಾನು ಒಂದು ಸೀಸದ ಗುಂಡು. ಮುಳುಗುವುದೇ ನನ್ನ ಕಸುಬು. ಅದರಲ್ಲಿ ನನ್ನನ್ನು ಮೀರಿಸುವವರಿದ್ದರೆ ಬರಲಿ! ಮೊದಲು ಯಾವುದೋ ಲಾರಿಯ ಬ್ಯಾಟರಿಯೊಳಗಿದ್ದೆ. ಲಾರಿ ಗುಜರಿಗೆ ಹೋಯಿತು, ನಾನು ಗಂಗೊಳ್ಳಿಯ ಮೀನುಗಾರ ಬಚ್ಚಣ್ಣನ ಕೈಗೆ ಬಂದೆ. ಅವನು ನನ್ನನ್ನು ಹಳೇ ಡಬ್ಬಿಯಲ್ಲಿ ಕರಗಿಸಿ, ಮರಳಿನಲ್ಲಿ ತೋಡಿದ ಕುಳಿಗೆ ಹೊಯ್ದ. ಆರಿದ ಮೇಲೆ ಅಂಗೈಯಲ್ಲಿ ತೂಗಿ ನೋಡಿ, "ನೀ ಗಟ್ಟಿಗ ಮರಾಯ" ಅಂದ. ಅಷ್ಟಕ್ಕೇ ಉಬ್ಬಿಹೋದೆ.

ದಾರದ ತುದಿಗೆ ನಾನು, ನನಗಿಂತ ತುಸು ಮೇಲೆ ಬಂಗುಡೆ ತುಂಡು ಚುಚ್ಚಿದ ಗಾಳ. ಹನ್ನೆರಡು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಬಚ್ಚಣ್ಣನ ಕಣ್ಣು ಮಂಜಾಯಿತು. ದಡದ ಗುರುತು ಕಾಣದೆ, ಮೀನು ಅಡಗುವ ನೀರಡಿಯ ಬಂಡೆಯ ಜಾಗ ತಪ್ಪತೊಡಗಿತು. ಮೂರು ಸಲ ಬರಿಗೈಯಲ್ಲಿ ಮರಳಿದೆವು. ನಾಲ್ಕನೆಯ ಬೆಳಿಗ್ಗೆ ದೋಣಿ ಹತ್ತುವಾಗ ಅವನ ಹೆಂಡತಿಯ ತಮ್ಮ ವಾಸು ಹೇಳಿಯೇಬಿಟ್ಟ: "ಭಾವ, ಇವತ್ತೂ ಮೀನ್ ಸಿಕ್ಕದಿದ್ರೆ ನಾಳಿಂದ ಮನೆಲೇ ಇರಿ. ನಿಮ್ಗ್ ಕಣ್ ಕಾಂತಿಲ್ಲೆ."

ಬಚ್ಚಣ್ಣ ನನ್ನನ್ನು ಎತ್ತಿಕೊಂಡು ದೋಣಿ ಹತ್ತಿದ. ನನಗಂತೂ ಮೈಯೆಲ್ಲ ಉರಿದುಹೋಯಿತು. ಸಮುದ್ರದ ತಳ ತಿಳಿಯಲು ಕಣ್ಣು ಯಾರಿಗೆ ಬೇಕು?

ಇಪ್ಪತ್ತು ಮಾರು ಇಳಿದೆ. ಕೆಸರು. ದಾರ ಹಿಡಿದ ಬಚ್ಚಣ್ಣನ ಬೆರಳಿಗೆ ಗೊತ್ತಾಯಿತು. "ಇನ್ನ್ ಸಲ್ಪ ಪಡುಬದಿಗ್ ಹೋಪ" ಅಂದ. ಮತ್ತೆ ಇಳಿದೆ. ಚಿಪ್ಪಿನ ಪುಡಿ. ಇನ್ನಷ್ಟು ಮುಂದೆ ಹೋಗಿ ಇಳಿದೆ. ಟಕ್! ಬಂಡೆ. ಅವನು ನನ್ನನ್ನು ಒಂದು ಮೊಳ ಎತ್ತಿ ಕಾದ.

ಬಂಡೆಯ ಸಂದಿಯಿಂದ ಬಂತು ನೋಡಿ ದೊಡ್ಡ ಬಾಯಿಯ ಮುರು ಮೀನು! ಗಾಳ ನುಂಗಿ, ನನ್ನನ್ನೂ ಎಳೆದುಕೊಂಡು ಸಂದಿಗೆ ನುಗ್ಗಿ, ಕಿವಿರು ಉಬ್ಬಿಸಿ ಬಿಗಿಯಾಗಿ ಕೂತಿತು. ಮೇಲಿಂದ ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ.

ದೋಣಿಯ ಮಾತು ದಾರದಲ್ಲಿ ನನಗೆ ಕೇಳಿಸುತ್ತದೆ. "ಕಲ್ಲಿಗ್ ಸಿಕ್ಕಂಡಿತ್ತ್ ಭಾವ! ದಾರ ಕಡ್ದ್ ಬಿಡುವ!" ಎನ್ನುತ್ತಾ ವಾಸು ಕತ್ತಿ ತೆಗೆದ. ದಾರ ಕಡಿದರೆ ನಾನೂ ತಳದಲ್ಲೇ ಉಳಿದಂತೆ!

"ಕತ್ತಿ ಕೆಳಗಿಡ್ ಮರಾಯ. ಕಲ್ ಎಲ್ಲಾದ್ರೂ ಉಸ್ರ್ ಬಿಡತ್ತಾ?" ಅಂದ ಬಚ್ಚಣ್ಣ. ಕಿವಿರಿನ ಮಿಡಿತ ಅವನ ಬೆರಳಿಗೆ ಮುಟ್ಟಿತ್ತು. ಬೇಕೆಂದೇ ದಾರ ಸಡಿಲ ಬಿಟ್ಟು ಸುಮ್ಮನೆ ಕೂತ.

ಮೀನು ತಾನು ಪಾರಾದೆ ಅಂದುಕೊಂಡಿತು. ಕಿವಿರು ಇಳಿಸಿ ಮೆಲ್ಲಗೆ ಹೊರಬಂತು. ದಾರ ತುಸು ಸರಿದದ್ದೇ ತಡ, ಬಚ್ಚಣ್ಣ ಎಳೆದ ನೋಡಿ, ಉಸಿರು ಕಟ್ಟಿ, ಕೈ ಮೇಲೆ ಕೈ! ಮೀನು ದೋಣಿಗೆ ಧೊಪ್ಪೆಂದು ಬಿತ್ತು, ಪಕ್ಕದಲ್ಲಿ ನಾನೂ. ವಾಸುವಿನ ಸೊಂಟದೆತ್ತರದ ಮೀನು! ಬಚ್ಚಣ್ಣ ಅದರ ಮೈ ತಡವಿ ಕೇಕೆ ಹಾಕಿ ನಕ್ಕ. ವಾಸು ಕತ್ತಿಯನ್ನು ಮೆಲ್ಲಗೆ ಬದಿಗೆ ಸರಿಸಿ ಕೇಳಿದ: "ನಾಳೆ ಎಷ್ಟೊತ್ತಿಗ್ ಹೊರಡುದ್, ಭಾವ?"

ಆಮೇಲೆ ಏಳು ವರ್ಷ ಬಚ್ಚಣ್ಣ ಗಾಳ ಹಿಡಿದ. ಈಗ ನಾನು ಸವೆದು ವಾಸುವಿನ ಕಿಟಕಿಯಲ್ಲಿ ಕೂತಿದ್ದೇನೆ. ಬಂದವರಿಗೆಲ್ಲ ಅವನು ಆ ಮೀನಿನ ಕಥೆ ಹೇಳುತ್ತಾನೆ. ವರ್ಷಕ್ಕೊಂದು ಗೇಣು ಮೀನು ಬೆಳೆಯುತ್ತಿದೆ. ತಾನು ಕತ್ತಿ ತೆಗೆದದ್ದನ್ನು ಮಾತ್ರ ಹೇಳುವುದಿಲ್ಲ. ಬಚ್ಚಣ್ಣ ಪಕ್ಕದಲ್ಲೇ ಕೂತು ಹೌದು ಹೌದೆಂದು ತಲೆಯಾಡಿಸುತ್ತಾನೆ. ಗೆದ್ದವನಿಗೆ ಇನ್ನೇನು ಬೇಕು, ಹೇಳಿ!