ಕುದುರೆ ಕಾಲಿಗೆ ಕಟ್ಟಿದ ನಾಡಿ ಗಡಿಯಾರ

ನಮ್ಮ ಬೆಟ್ಟದ ಹುಲ್ಲುಗಾವಲಿನಲ್ಲಿ ಕುದುರೆ ಮೇವು ಬಿಟ್ಟರೆ ಹತ್ತು ಗುಡಾರದ ಗಂಡಸರು ಓಡಿ ಬರುತ್ತಾರೆ. ಕುದುರೆಯ ಹಾಲು ಕರೆಯುವವಳಿಗೆ ತಲೆ ಸುತ್ತಿದರೆ, "ಎರಡು ಬಟ್ಟಲು ಕುಮಿಸ್ ಕುಡಿ, ಸರಿಹೋಗ್ತೀಯ" ಅನ್ನುತ್ತಾರೆ. ಆ ಹಾಲು ಕಡೆದು, ಹುಳಿ ಬರಿಸಿ, ಕುಮಿಸ್ ಮಾಡಿಟ್ಟವಳೂ ಅವಳೇ.

ನನ್ನ ಪಕ್ಕದ ಗುಡಾರದ ಸೆಯಿಲ್‌ಕಾನ್ ಅಕ್ಕನಿಗೆ ಈ ಬೇಸಿಗೆಯಿಡೀ ಹೀಗೇ ಆಗುತ್ತಿತ್ತು. ಹಾಲು ಕರೆದು ಎದ್ದರೆ ಕಣ್ಣು ಕತ್ತಲೆ. ಎದೆಯೊಳಗೆ ಬಲೆಗೆ ಬಿದ್ದ ಹಕ್ಕಿಯ ಹಾಗೆ ಪಟಪಟ. ಒಂದು ದಿನ ಬಕೆಟ್ಟಿನ ಪಕ್ಕದಲ್ಲೇ ಕುಸಿದಳು. ಗಂಡ ಕಾದಿರ್‌ಕುಲ್ ಓಡಿ ಬಂದು ಮೊದಲು ಬಕೆಟ್ಟು ಹಿಡಿದ.

"ಸದ್ಯ, ಹಾಲು ಚೆಲ್ಲಲಿಲ್ಲ!"

"ಚೆಲ್ಲಿದ್ದು ನಾನು. ಸ್ವಲ್ಪ ಎತ್ತಿ, ಪುಣ್ಯ ಬರುತ್ತೆ," ಅಂದಳು ಅಕ್ಕ ನೆಲದ ಮೇಲಿಂದಲೇ.

ಕಾದಿರ್‌ಕುಲ್ ಕೆಟ್ಟವನಲ್ಲ. ಪಂದ್ಯದ ಕುದುರೆ ಪಳಗಿಸುವುದರಲ್ಲಿ ಈ ಕಣಿವೆಗೇ ಹೆಸರಾದವನು. ಅವನ ಕೆಂಗಂದು ಕುದುರೆ ಜೇರ್ದೆಗೆ ಎಷ್ಟು ಬೆವರು ಬಂತು, ಯಾವಾಗ ನೀರು ಕುಡಿಸಬೇಕು, ಎಲ್ಲ ಅವನಿಗೆ ಗೊತ್ತು. ಹೆಂಡತಿಗೆ ಎಷ್ಟು ಬೆವರು ಬರುತ್ತದೆ ಎಂಬುದು ಮಾತ್ರ ಅವನ ವಿದ್ಯೆಯಲ್ಲಿ ಸೇರಿರಲಿಲ್ಲ.

ಅದೇ ವಾರ ಆರೋಗ್ಯ ಯೋಜನೆಯವರು ಹುಲ್ಲುಗಾವಲಿನ ಮನೆಮನೆಗೂ ಒಂದೊಂದು ಸ್ಮಾರ್ಟ್ ಗಡಿಯಾರ ಹಂಚಿದರು. ಮನೆಗೊಂದು ಅಂದರೆ ಯಜಮಾನನಿಗೊಂದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ನಡೆದುಹೋಗುವ ಅನ್ಯಾಯಗಳ ಸೊಗಸೇ ಅದು. ಕೆಳಗಿನ ಹಳ್ಳಿಯ ನರ್ಸ್ ಐಜಿರೆಕ್ ಬಂದು ಕಾದಿರ್‌ಕುಲ್‌ನ ಕೈಗೆ ಗಡಿಯಾರ ಕಟ್ಟಿದಳು. ನಮ್ಮಲ್ಲಿ ಹಿರಿಯರನ್ನು 'ಅತಾ', ಅಂದರೆ ಅಪ್ಪ, ಎಂದೇ ಕರೆಯುವುದು.

"ನೋಡಿ ಅತಾ, ಹಿಂದುಗಡೆ ಹಸಿರು ದೀಪ ಇದೆಯಲ್ಲ, ಅದು ಚರ್ಮದೊಳಗಿನ ರಕ್ತದ ಬಡಿತ ನೋಡುತ್ತೆ. ನಾಡಿ ಹೆಚ್ಚುಕಮ್ಮಿ ಆದ್ರೆ, ನೀವು ದಬ್ಬನೆ ಬಿದ್ರೆ, ನನ್ನ ಫೋನಿಗೆ ಸುದ್ದಿ ಬರುತ್ತೆ. ಏನಾದ್ರೂ ಅಪಾಯ ಅನ್ನಿಸಿದ್ರೆ ಪಕ್ಕದ ಈ ಗುಂಡಿ ಒತ್ತಿ ಹಿಡೀರಿ. ನೇರ ನನಗೇ ಕರೆ."

"ನನಗೆ ಯಾವ ಅಪಾಯ ಮಗಳೇ? ಕಲ್ಲುಗುಂಡು ನಾನು!"

ಅವಳ ಜೀಪು ತಿರುವು ದಾಟುವ ಮೊದಲೇ ಗಡಿಯಾರ ಅವನ ಕೈಯಿಂದ ಇಳಿದಿತ್ತು. ನಾಡಿ ನೋಡುವ ಇಷ್ಟು ಒಳ್ಳೆಯ ಯಂತ್ರವನ್ನು ಬರೀ ಮನುಷ್ಯನಿಗೆ ಕಟ್ಟಿ ಹಾಳು ಮಾಡುವುದೇ? ಕ್ಷೌರದ ಕತ್ತಿ ತಂದು ಜೇರ್ದೆಯ ಮುಂಗಾಲಿನಲ್ಲಿ ಬೆರಳಗಲ ಕೂದಲು ಬೋಳಿಸಿದ. ಗಡಿಯಾರ ಕಟ್ಟಿದ. ದೃಷ್ಟಿಯಾಗದಿರಲಿ ಎಂದು ಅದರ ಮೇಲೊಂದು ತಾಯಿತವನ್ನೂ ಕಟ್ಟಿದ.

ಮರುದಿನ ಐಜಿರೆಕ್‌ಳ ಫೋನಿಗೆ ಹುಚ್ಚು ಹಿಡಿಯಿತು. ಮೊದಲು, "ಕಾದಿರ್‌ಕುಲ್ ಅವರ ನಾಡಿ ತೀರಾ ನಿಧಾನ." ಆಮೇಲೆ, "ನಾಡಿ ಅತಿ ವೇಗ." ಆಮೇಲೆ, "ಕಾದಿರ್‌ಕುಲ್ ಬಿದ್ದಿದ್ದಾರೆ." ಮತ್ತೆ, "ಬಿದ್ದಿದ್ದಾರೆ." ಕೊನೆಗೆ, "ಇಂದಿನ ನಡಿಗೆಯ ಗುರಿ ಮುಟ್ಟಿದ್ದಾರೆ, ಅಭಿನಂದನೆಗಳು!"

ಹುಡುಗಿ ಆಮ್ಲಜನಕದ ಸಿಲಿಂಡರು ಹೇರಿಕೊಂಡು ಜೀಪು ಹಾರಿಸಿಕೊಂಡು ಬಂದಳು. ನೋಡಿದರೆ ಸತ್ತಿರಬೇಕಾದವನು ಗುಡಾರದ ಮುಂದೆ ಕುಳಿತು ಮಾಂಸದ ಮೂಳೆ ಚೀಪುತ್ತಿದ್ದಾನೆ.

"ಅತಾ! ಬದುಕಿದೀರಾ?"

"ಯಾಕೆ, ನಿನಗೇನಾದ್ರೂ ತೊಂದರೆಯಾಯ್ತಾ?"

"ಬೆಳಗ್ಗೆಯಿಂದ ಎಷ್ಟು ಸಲ ಬಿದ್ರಿ?"

"ನಾನೆಲ್ಲಿ ಬಿದ್ದೆ? ಜೇರ್ದೆ ಮಣ್ಣಲ್ಲಿ ಹೊರಳಾಡ್ತು. ಓಡಿ ಬಂದ ಮೇಲೆ ಅದಕ್ಕೆ ಹಾಗೆ ಹೊರಳಿದ್ರೇನೇ ಸುಖ."

ಐಜಿರೆಕ್ ಕುದುರೆಯ ಕಾಲು ನೋಡಿದಳು. ಕೆಳಗೆ ಕುಳಿತಳು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

"ಇದು ಮನುಷ್ಯರ ಗಡಿಯಾರ ಅತಾ! ಕುದುರೆ ಎದೆ ಸುಮ್ಮನಿದ್ದಾಗ ನಿಧಾನಕ್ಕೇ ಬಡಿಯುತ್ತೆ. ಅದಕ್ಕೇನು ಗೊತ್ತು ಇದು ಕುದುರೆ ಅಂತ?"

"ಕುದುರೆ ಯಾವುದು, ಕಾದಿರ್‌ಕುಲ್ ಯಾರು ಅಂತ ಗೊತ್ತಾಗದ ಯಂತ್ರಕ್ಕೆ ನನ್ನ ರೋಗ ಗೊತ್ತಾಗುತ್ತಾ? ತಗೊಂಡು ಹೋಗು ತಾಯಿ. ಸುಳ್ಳು ಹೇಳೋ ಗಡಿಯಾರ ಇದು. ಬೇಕಾದ್ರೆ ಈ ನನ್ನ ಮುದುಕಿ ಹೆಂಡತಿಗೆ ಕಟ್ಟಿ ನೋಡು. ಒಂದು ದಿನಾನೂ ಹಾಸಿಗೆ ಹಿಡಿದವಳಲ್ಲ. ಅವಳ ಕೈಯಲ್ಲೂ ಕೂಗಿದ್ರೆ ಹೊಳೆಗೆ ಎಸಿ."

ಅಕ್ಕ ಹಾಲಿನ ಕೈ ಒರೆಸಿಕೊಂಡು ಬಂದಳು. ಐಜಿರೆಕ್ ಗಡಿಯಾರ ತೊಳೆದು ಅವಳ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿ, ಅಲುಗಾಡದೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಗಡಿಯಾರ ನಡುಗಿತು. 'ಬಡಿತ ಕ್ರಮ ತಪ್ಪಿದೆ' ಎಂದು ಬರೆದುಕೊಂಡಿತು.

ಕಾದಿರ್‌ಕುಲ್ ತೊಡೆ ತಟ್ಟಿ ನಕ್ಕ. "ನೋಡಿದ್ಯಾ? ಇವಳೂ ಕುದುರೆಯಂತೆ!"

ಐಜಿರೆಕ್ ನಗಲಿಲ್ಲ. ಗಡಿಯಾರ ಬಿಚ್ಚಿ ಅವನಿಗೆ ಕಟ್ಟಿದಳು. ಸುಮ್ಮನಿತ್ತು. ತನಗೆ ಕಟ್ಟಿಕೊಂಡಳು. ಸುಮ್ಮನಿತ್ತು. ಮತ್ತೆ ಅಕ್ಕನಿಗೆ ಕಟ್ಟಿದಳು. ಮತ್ತೆ ನಡುಗಿತು. ಆಗ ಗಡಿಯಾರ ಪಕ್ಕಕ್ಕಿಟ್ಟು ತನ್ನ ಬೆರಳುಗಳನ್ನೇ ಅಕ್ಕನ ಕೈಮೇಲಿಟ್ಟು ಕಣ್ಣು ಮುಚ್ಚಿದಳು.

"ಅತಾ, ಬೆಳಗ್ಗೆ ಎದ್ದು ಜೇರ್ದೆಯ ದವಡೆ ಕೆಳಗೆ ಬೆರಳಿಟ್ಟು ನಾಡಿ ನೋಡ್ತೀರಲ್ಲ. ಬನ್ನಿ, ಇಲ್ಲಿ ಇಡಿ."

ಅವನು ಸುತ್ತ ನೋಡಿದ. ಜೀಪಿನ ಸದ್ದಿಗೆ ಓಡಿ ಬಂದ ಅಕ್ಕಪಕ್ಕದ ಗುಡಾರದ ನಾವೆಲ್ಲ ನಿಂತಿದ್ದೆವು. ಎಲ್ಲರೆದುರಿಗೆ ಹೆಂಡತಿಯ ಕೈ ಹಿಡಿಯುವುದು ನಮ್ಮ ಗಂಡಸರಿಗೆ ಕುದುರೆಯಿಂದ ಬಿದ್ದಷ್ಟು ನಾಚಿಕೆ. ಆದರೂ ಹಿಡಿದ. ಒಂದು ಬಡಿತ, ಎರಡು ಬಡಿತ, ಆಮೇಲೆ ಏನೂ ಇಲ್ಲ, ಆಮೇಲೆ ದಡದಡ. ಅವನ ಮುಖದ ನಗು ಇಳಿಯಿತು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಈ ನಾಡಿ ಇರೋ ಕುದುರೇನ ನಾನು ಪಂದ್ಯಕ್ಕೆ ಬಿಡ್ತಿರಲಿಲ್ಲ," ಅಂದ ಮೆಲ್ಲಗೆ.

"ನನ್ನನ್ನ ದಿನಾ ಬಿಟ್ರಲ್ಲ," ಅಂದಳು ಅಕ್ಕ.

ಜೇರ್ದೆ ಒಂದು ಸಲ ಸೀನಿತು.

"ಅಕ್ಕಾ, ಇವತ್ತೇ ಆಸ್ಪತ್ರೆಗೆ ಹೋಗೋಣ," ಅಂದಳು ಐಜಿರೆಕ್. "ಗಡಿಯಾರ ಅನುಮಾನ ಮಾತ್ರ ಹೇಳುತ್ತೆ. ಎದೆಬಡಿತದ ಪಟ್ಟಿ, ಅದೇ ಇಸಿಜಿ, ತೆಗೆದು ನೋಡಿ ಹೌದೋ ಅಲ್ಲವೋ ಅಂತ ಹೇಳೋರು ವೈದ್ಯರು. ಎದೆ ಹೀಗೆ ತಪ್ಪಿ ಬಡಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ತಲೆಗೆ ಹೋದ್ರೆ ಕೈಕಾಲು, ಮಾತು ಎಲ್ಲಾ ಬಿದ್ದುಹೋಗುತ್ತೆ."

"ಹೋಗಬಹುದಿತ್ತು," ಅಂದಳು ಅಕ್ಕ. "ಆದರೆ ಕುದುರೆಗಳ ಹಾಲು ಕರೆಯೋರು ಯಾರು? ಕೆಚ್ಚಲು ಬಿಗಿದ್ರೆ ಪಾಪ ಅವಕ್ಕೆ ನೋವಾಗುತ್ತೆ."

ಎಲ್ಲರ ಕಣ್ಣೂ ಕಾದಿರ್‌ಕುಲ್‌ನ ಮೇಲೆ ಬಿತ್ತು. ಅವನು ಬೆಟ್ಟ ನೋಡಿದ, ಆಕಾಶ ನೋಡಿದ. ಕೊನೆಗೆ ಹೆಂಡತಿಯ ರುಮಾಲು ತಲೆಗೆ ಕಟ್ಟಿಕೊಂಡು, ಅವಳ ಮೇಲಂಗಿ ಏರಿಸಿ, ಬಕೆಟ್ಟು ಹಿಡಿದು ಹೊರಟ. ಗಂಡಸಿನ ವಾಸನೆಗೆ ಕುದುರೆ ಹಾಲು ಬಿಡುವುದಿಲ್ಲವಲ್ಲ! ಅಷ್ಟಾದರೂ ಮೊದಲನೆಯದು ಒದೆಯಿತು. ಗಡ್ಡದವಳನ್ನು ಅದು ಎಂದೂ ಕಂಡಿರಲಿಲ್ಲ. ಅಕ್ಕ ಜೀಪಿನೊಳಗಿಂದ ಎಷ್ಟು ನಕ್ಕಳೆಂದರೆ, "ನಗಬೇಡಿ ಅಕ್ಕಾ, ಎದೆ!" ಎಂದು ಐಜಿರೆಕ್ ಗದರಿದಳು.

ಆಸ್ಪತ್ರೆಯಲ್ಲಿ ಅನುಮಾನ ನಿಜವಾಯಿತು. ಸಮಯಕ್ಕೆ ಬಂದಿರಿ ಅಂದರು ವೈದ್ಯರು. ಮಾತ್ರೆ ಕೊಟ್ಟರು. ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ, ಗಡಿಯಾರ ಅವಳ ಕೈಯಲ್ಲಿದೆ. ಬೆಳಗಿನ ಹಾಲು ಕಾದಿರ್‌ಕುಲ್‌ನೇ ಕರೆಯುತ್ತಾನೆ. ಸೊಂಟ ಹಿಡಿದುಕೊಂಡು ಎದ್ದು, "ಇದನ್ನ ದಿನಾ ಹೇಗೆ ಮಾಡ್ತಿದ್ದೆ ನೀನು?" ಎಂದು ಕೇಳುತ್ತಾನೆ. ಇಷ್ಟು ವರ್ಷಕ್ಕೆ ಕೇಳಿದನಲ್ಲ!

ಓದುವವರೇ, ಕೇಳುವವರೇ, ಗಡಿಯಾರ ಸಿಕ್ಕರೆ ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಡಿ, ಚಾರ್ಜು ಮಾಡಿ ಚರ್ಮಕ್ಕೆ ತಾಗುವಂತೆ ಕಟ್ಟಿ. ಅಪಾಯದ ಗುಂಡಿಯನ್ನು ಇಂದೇ ಒತ್ತಿ ಕಲಿಯಿರಿ, ಬಿದ್ದ ಮೇಲೆ ಹುಡುಕಲು ಆಗದು. ಅದು ನಡುಗಿದರೆ ಹೆದರಿ ಕೂರಬೇಡಿ, ನಕ್ಕು ಬಿಡಲೂಬೇಡಿ, ವೈದ್ಯರಲ್ಲಿಗೆ ಹೋಗಿ. ಎದೆ ನೋಯುತ್ತಿದ್ದರೆ ಅದು ಸುಮ್ಮನಿದ್ದರೂ ಹೋಗಿ. ನಿಮ್ಮ ನಾಡಿಯ ಸುದ್ದಿ ಯಾರ ಫೋನಿಗೆ ಹೋಗುತ್ತಿದೆ ಎಂದು ಗಟ್ಟಿಯಾಗಿ ಕೇಳಿ, ಕೇಳುವುದು ನಿಮ್ಮ ಹಕ್ಕು.

ಗಡಿಯಾರವೇ ಇಲ್ಲವೆ? ಬೆರಳುಗಳಿವೆಯಲ್ಲ. ನಿಮ್ಮ ಮನೆಯಲ್ಲಿ "ನನಗೇನೂ ಆಗಿಲ್ಲ" ಎಂದು ಎಲ್ಲರಿಗಿಂತ ಹೆಚ್ಚು ಹೇಳುವವಳು ಯಾರೋ, ಈಗ ಎದ್ದು ಹೋಗಿ ಮೊದಲು ಅವಳ ಕೈ ಹಿಡಿದು ನೋಡಿ.