ಮೌನವಾಗಿ ಓದಿಕೊಳ್ಳಿ

ಗಾಯಕ ಕ್ಲೀವನ್ ರೈಡೌಟ್‌ನ ಶವಸಂಸ್ಕಾರಕ್ಕೆ ಅವನ ಜೀವನ ಪರಿಚಯ ಬರೆದುಕೊಟ್ಟವಳು ನಾನು. ಬುಧವಾರ ನಾನು ಕೊಟ್ಟ ಹಾಳೆಯಲ್ಲಿ ಹನ್ನೊಂದು ವಾಕ್ಯಗಳಿದ್ದವು. ಶನಿವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸು ನನ್ನ ಕೈಗಿಟ್ಟ ಬಣ್ಣದ ಪುಸ್ತಿಕೆಯಲ್ಲೂ ಹನ್ನೊಂದೇ ಇದ್ದವು. ಆದರೆ ಒಂಬತ್ತನೆಯದು ನನ್ನದಾಗಿರಲಿಲ್ಲ.

ನಾನು ಬರೆದದ್ದು ಇದು: "ಈ ಇಪ್ಪತ್ತಮೂರು ಹಾಡುಗಳ ಪಿಟೀಲು, ಊದುವಾದ್ಯ, ತಾಳ ಎಲ್ಲವನ್ನೂ ಕೂಡಿಸಿ ಬರೆದು, ಧ್ವನಿಮುದ್ರಣ ನಡೆಸಿದವನು ಥಡಿಯಸ್ ಗ್ರೇವ್ಲಿ, ಕ್ಲೀವನ್ ಹಾಡಿದ, ಅಷ್ಟೆ." ಅಚ್ಚಾದದ್ದು ಇದು: "ತನ್ನ ಎಲ್ಲ ಹಾಡುಗಳ ವಾದ್ಯ ಸಂಯೋಜನೆಯನ್ನೂ ಕ್ಲೀವನ್ ತಾನೇ ಮಾಡಿಕೊಳ್ಳುತ್ತಿದ್ದ."

ಶಿಕಾಗೋದ ದಕ್ಷಿಣ ಭಾಗದ ನಮ್ಮ ವಾರಪತ್ರಿಕೆಯಲ್ಲಿ ನನಗೆ ಆಗ ಇಪ್ಪತ್ತೆರಡು ವರ್ಷದ ನೌಕರಿಯಾಗಿತ್ತು. ನನ್ನ ವರದಿಗಳ ಸಾಲು ಕತ್ತರಿಸಿದ್ದಾರೆ, ತಲೆಬರಹ ಕೆಡಿಸಿದ್ದಾರೆ. ಒಂದು ನಿಜವನ್ನು ತೆಗೆದು ಅದೇ ಜಾಗಕ್ಕೆ ಅದರ ತಿರುವುಮುರುವನ್ನು ಯಾರೂ ಕೂರಿಸಿರಲಿಲ್ಲ. ಅದೂ ಮೂಲದಲ್ಲಿ ನನ್ನದೂ ಅಲ್ಲದ ವಾಕ್ಯಕ್ಕೆ. ನಾನು ಕೊಟ್ಟಿದ್ದ ಆ ವಾಕ್ಯವನ್ನು ಹೇಳಿ ಬರೆಸಿದವನು ಸ್ವತಃ ಕ್ಲೀವನ್.

ಜನವರಿ ಹದಿನಾಲ್ಕರಂದು ಅವನು ಆಸ್ಪತ್ರೆಗೆ ನನ್ನನ್ನು ಕರೆಸಿದ್ದ. ದೇಶವೆಲ್ಲ ಕೇಳಿದ್ದ ಆ ಗಂಟಲಲ್ಲಿ ಆಗ ಉಸಿರು ಮಾತ್ರ ಉಳಿದಿತ್ತು.

"ಬರ್ಕೋ, ಐವರಿ" ಅಂದ. "ಥ್ಯಾಡ್ ಮಾಡಿದ್ದು ಅಂತ ಬರ್ಕೋ. ಎಲ್ಲಾ ಅವ್ನೇ. ನಾನು ಹಾಡ್ದೆ, ಅಷ್ಟೆ."

"ಇಷ್ಟು ವರ್ಷ ಬಾಯ್ಬಿಡ್ಲಿಲ್ವಲ್ಲ, ಕ್ಲೀವನ್. ಪ್ರತಿ ಸಂದರ್ಶನದಲ್ಲೂ 'ಎಲ್ಲಾ ನನ್ ತಲೇಲೇ ಕೇಳ್ಸುತ್ತೆ' ಅಂದೆ. ನಂಗೂ ಎರಡು ಸಲ ಅದನ್ನೇ ಹೇಳಿದ್ದೀಯ."

"ಮೊದಲ್ನೇ ಸಲ ಕಂಪನಿಯೋರು ಹೇಳ್ಸಿದ್ರು. ಆಮೇಲೆ ಬಾಯಿಗೆ ಅಭ್ಯಾಸ ಆಗೋಯ್ತು. ಬದುಕಿದ್ದಾಗ ತಿದ್ಕೊಂಡ್ರೆ ಸುಳ್ಳ ಅಂತಾರೆ. ಸತ್ತ ಮೇಲೆ ಚರ್ಚಲ್ಲಿ ಓದ್ಲಿ, ಎಲ್ರೂ ಇರ್ತಾರೆ. ಥ್ಯಾಡ್‌ಗೆ ಮಾತು ಕೊಟ್ಟಿದ್ದೀನಿ."

ಥ್ಯಾಡ್, ಅಂದರೆ ಥಡಿಯಸ್, ಗೋಡೆಯ ಪಕ್ಕದ ಕುರ್ಚಿಯಲ್ಲಿ ಹ್ಯಾಟು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನು ಒಂದೇ ಮಾತು ಹೇಳಿದ: "ಸಾಯೋಕೆ ಮುಂಚೆ ಬರ್ಸಿಕೊಟ್ಯಲ್ಲ, ದೊಡ್ಡ ಮನುಷ್ಯ." ಕ್ಲೀವನ್ ನಕ್ಕ. ಥ್ಯಾಡ್ ನಗಲಿಲ್ಲ.

ಥಡಿಯಸ್ ಗ್ರೇವ್ಲಿಯ ಹೆಸರು ಗೊತ್ತಿಲ್ಲದವರಿಗೂ ಅವನ ಕೆಲಸ ಗೊತ್ತು. ಸಾವಿರದ ಒಂಬೈನೂರ ಅರವತ್ತೆರಡರಿಂದ ಎಪ್ಪತ್ತನಾಲ್ಕರವರೆಗೆ ಮಿಶಿಗನ್ ಅವೆನ್ಯೂದ ಸ್ಟುಡಿಯೋಗಳಲ್ಲಿ ಹದಿನೇಳು ಗಾಯಕರಿಗೆ ಅವನು ಮಾಡಿಕೊಟ್ಟ ಹಾಡುಗಳು ಮುನ್ನೂರಕ್ಕೂ ಹೆಚ್ಚು. ಗಾಯಕ ರಾಗವನ್ನು ಗುನುಗುತ್ತಿದ್ದ, ಉಳಿದದ್ದೆಲ್ಲ ಥ್ಯಾಡ್. ಯಾವ ಪಿಟೀಲು ಎಲ್ಲಿ ಏಳಬೇಕು, ಡ್ರಮ್ಮು ಎಲ್ಲಿ ಕೈ ತಡೆಯಬೇಕು ಎಂಬುದನ್ನು ಅವನು ಅಡುಗೆಮನೆಯ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಧ್ವನಿಮುದ್ರಣ ಮುಗಿದ ತಕ್ಷಣ ಕಂಪನಿಯವರು ಆ ಹಾಳೆಗಳನ್ನು ಗುಡಿಸಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ಹಾಡಿನ ತಟ್ಟೆಯ ಮೇಲೆ ನಿರ್ಮಾಪಕ ಎಂದು ಅಚ್ಚಾಗುತ್ತಿದ್ದದ್ದು ಕಂಪನಿಯ ಮಾಲೀಕನ ಹೆಸರು. ಅವನಿಗೆ ಪಿಯಾನೋದ ಮುಚ್ಚಳ ಯಾವ ಕಡೆಯಿಂದ ತೆರೆಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಕಂಪನಿ ಮುಚ್ಚಿತು. ಥ್ಯಾಡ್ ಶಾಲೆಯಲ್ಲಿ ಬ್ಯಾಂಡ್ ಕಲಿಸಿ ನಿವೃತ್ತನಾದ. ಕಳೆದ ಹತ್ತೊಂಬತ್ತು ವರ್ಷದಿಂದ ಈ ಚರ್ಚಿನ ಆರ್ಗನ್ ನುಡಿಸುತ್ತಿದ್ದ.

ಪುಸ್ತಿಕೆ ಹಿಡಿದು ನಾನು ನೇರ ಪಕ್ಕದ ಕೋಣೆಗೆ ಹೋದೆ. ಕುಟುಂಬದವರು ಸಾಲಾಗಿ ಒಳಗೆ ನಡೆಯಲು ಅಲ್ಲಿ ಕಾಯುತ್ತಿದ್ದರು. ಅಗಲ ಅಂಚಿನ ಕಪ್ಪು ಹ್ಯಾಟಿನ ಕೆಳಗೆ ಅರ್ಲೀನ್ ರೈಡೌಟ್‌ಳ ಮುಖ ಒಣಗಿತ್ತು.

"ಒಂಬತ್ತನೇ ವಾಕ್ಯ ಯಾರು ಬದಲಾಯ್ಸಿದ್ದು?" ಎಂದೆ.

"ನಾನು."

"ಅದು ನಿನ್ನ ಗಂಡನೇ ಹೇಳಿ ಬರೆಸಿದ್ದು, ಅರ್ಲೀನ್."

"ಔಷಧಿ ಮತ್ತಲ್ಲಿದ್ದ. ಆ ವಾರ ನನ್ನನ್ನೇ 'ಅಮ್ಮಾ' ಅಂತಾನೂ ಕರೆದಿದ್ದ, ಅದನ್ನೂ ಅಚ್ಚು ಹಾಕ್ಸೋಣ್ವಾ?" ಅವಳು ಕೈಗವಸನ್ನು ಬೆರಳು ಬೆರಳಿಗೂ ಎಳೆದು ಸರಿಮಾಡಿಕೊಂಡಳು. "ನೋಡು, ಮೊಮ್ಮಕ್ಕಳು ಶಾಲೇಲಿ ಅಜ್ಜನ ಮೇಲೆ ಪ್ರಬಂಧ ಓದಿ ಬಂದಿದ್ದಾರೆ. ಇವತ್ತು ನಾನು ಅವನನ್ನ ಮಣ್ಣು ಮಾಡ್ತಿರೋದು. ಚಿಕ್ಕವನನ್ನಾಗಿ ಮಾಡೋಕೆ ಬಂದಿಲ್ಲ."

"ಥ್ಯಾಡ್ ಓದ್ತಾನೆ."

"ಓದ್ಲಿ. ಚರ್ಚಲ್ಲಿ ಗಲಾಟೆ ಮಾಡೋ ಮನುಷ್ಯ ಅಲ್ಲ ಅವನು. ಯಾವತ್ತು ಮಾಡಿದ್ದಾನೆ?"

ಅದೇ ನನ್ನನ್ನು ಹೆಚ್ಚು ಸಿಟ್ಟಿಗೆಬ್ಬಿಸಿದ್ದು. ಅವಳು ಹೇಳಿದ್ದು ನಿಜವಾಗಿತ್ತು. ಅವನು ಮಾಡುವುದಿಲ್ಲ ಎಂಬುದನ್ನು ನಂಬಿಯೇ ಎಲ್ಲರೂ ಅವನಿಗೆ ಇದನ್ನು ಮಾಡಿದ್ದರು.

ಹನ್ನೊಂದು ಗಂಟೆಗೆ ಸರಿಯಾಗಿ ಅಂತ್ಯಸಂಸ್ಕಾರದ ಆರಾಧನೆ ಶುರುವಾಯಿತು. ಎಂಟುನೂರು ಜನ ಕೂರುವ ಚರ್ಚಿನಲ್ಲಿ ಗೋಡೆಯುದ್ದಕ್ಕೂ ಜನ ನಿಂತಿದ್ದರು. ನನಗೆ ಜಾಗ ಸಿಕ್ಕಿದ್ದು ಎಡಗಡೆಯ ನಾಲ್ಕನೆಯ ಸಾಲಿನಲ್ಲಿ, ಹೋಬರ್ಟ್ ಪ್ಯಾಟಿಲೋ ಪಕ್ಕ. ಹೋಬರ್ಟ್ ಆ ಕಾಲದಲ್ಲಿ ಥ್ಯಾಡ್‌ನ ಟ್ರಾಂಬೋನ್ ವಾದಕ. ಈಗ ಎಪ್ಪತ್ತೊಂದು ವರ್ಷ, ಕೃತಕ ಹಲ್ಲು, ಊದುವುದು ಬಿಟ್ಟಾಗಿತ್ತು. ಅವನು ಪುಸ್ತಿಕೆಯನ್ನು ಆಗಲೇ ಓದಿ ಮುಗಿಸಿದ್ದ.

"ತಾನೇ ಮಾಡ್ಕೊಳ್ತಿದ್ನಂತೆ" ಎಂದು ನನ್ನ ಕಿವಿಯ ಹತ್ತಿರ ಉಸುರಿದ. "ಕ್ಲೀವನ್‌ಗೆ ನಾಲ್ಕರ ತನಕ ಎಣಿಸೋಕೆ ಬರ್ತಿರ್ಲಿಲ್ಲ, ತಾಯಿ. ಹಾಡು ಶುರುಮಾಡೋಕೆ ಥ್ಯಾಡ್ ಅವನ ಕಾಲು ತುಳೀತಿದ್ದ. ಇದನ್ನ ಬರ್ದ ಕತ್ತೆ ಯಾರು?"

"ನಾನೇ ಬರ್ದದ್ದು. ಆ ಸಾಲು ಮಾತ್ರ ನಂದಲ್ಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ಆರ್ಗನ್ ವೇದಿಕೆಯ ಬಲಬದಿಗಿತ್ತು. ಕುಟುಂಬ ಒಳಬರುವಾಗ, ಪ್ರಾರ್ಥನೆಗೆ, ಬೈಬಲ್ ಓದಿಗೆ ಥ್ಯಾಡ್ ಪ್ರತಿ ವಾರದಂತೆಯೇ ನುಡಿಸಿದ. ನಮ್ಮ ಚರ್ಚುಗಳಲ್ಲಿ ಆರ್ಗನ್ ಹಾಡಿಗೆ ಮಾತ್ರ ಇರುವುದಲ್ಲ. ಪಾದ್ರಿ ಉಸಿರೆಳೆದುಕೊಳ್ಳುವಾಗ ಅದು ಆ ಸಂದನ್ನು ತುಂಬುತ್ತದೆ, ಅಳುವವರ ಕೆಳಗೆ ಹಾಸಿಕೊಂಡಿರುತ್ತದೆ. ನುಡಿಯುತ್ತಿದೆ ಎಂಬುದು ಜನರಿಗೆ ಗೊತ್ತೇ ಆಗುವುದಿಲ್ಲ. ಥ್ಯಾಡ್ ಆಗಿನ್ನೂ ಪುಸ್ತಿಕೆ ನೋಡಿರಲಿಲ್ಲ. ಅದು ಮಡಚಿದಂತೆಯೇ ಅವನ ಎದುರು ಸ್ವರಹಾಳೆ ಇಡುವ ಹಲಗೆಯ ಮೇಲಿತ್ತು.

ರೆವರೆಂಡ್ ಸ್ಟೋವಾಲ್ ಎದ್ದು ಹೇಳಿದರು: "ಈಗ ಬ್ರದರ್ ರೈಡೌಟ್ ಅವರ ಜೀವನ ಪರಿಚಯ. ಎಲ್ರೂ ಮೌನವಾಗಿ ಓದ್ಕೊಳ್ಳಿ."

ಇದು ನಮ್ಮ ಪದ್ಧತಿ. ಸತ್ತವರ ಬದುಕನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಎಲ್ಲರೂ ತಮ್ಮ ತಮ್ಮ ಪುಸ್ತಿಕೆಯಲ್ಲಿ ಓದಿಕೊಳ್ಳುತ್ತಾರೆ, ಆರ್ಗನ್ ಮೆಲ್ಲಗೆ ನುಡಿಯುತ್ತದೆ. ಕ್ಲೀವನ್ "ಚರ್ಚಲ್ಲಿ ಓದ್ಲಿ" ಅಂದಾಗ ಇದನ್ನು ಮರೆತಿದ್ದ. ನಾನೂ ಮರೆತಿದ್ದೆ. ಮೌನವಾಗಿ ಓದುವ ಕಡೆ ಸುಳ್ಳಿಗೆ ಅಡ್ಡ ಮಾತಾಡುವವರಿರುವುದಿಲ್ಲ.

ಥ್ಯಾಡ್ ಬಲಗೈಯಲ್ಲಿ ನುಡಿಸುತ್ತಲೇ ಎಡಗೈಯಿಂದ ಪುಸ್ತಿಕೆ ಬಿಡಿಸಿದ. ನಾನು ಗಡಿಯಾರ ನೋಡಿಕೊಂಡೆ: ಹನ್ನೊಂದು ಇಪ್ಪತ್ತಾರು. ಅವನ ಕಣ್ಣು ಎರಡನೆಯ ಪುಟಕ್ಕಿಳಿದದ್ದು ಕಂಡಿತು. ಬಲಗೈ ನಿಂತಿತು. ಪುಸ್ತಿಕೆಯನ್ನು ಮತ್ತೆ ಮಡಚಿ ಇದ್ದ ಜಾಗದಲ್ಲೇ ಇಟ್ಟ. ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡ.

ಮೊದಲು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಕಾಗದ ಮಗುಚುವ ಸದ್ದು, ಚರ್ಚನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಟಕಟಕ, ಯಾರದೋ ಗೊಗ್ಗರು ಕೆಮ್ಮು, ಎಲ್ಲ ಬರಿದಾಗಿ ಕೇಳತೊಡಗಿತು. ಜನ ತಲೆಯೆತ್ತಿ ಆರ್ಗನ್ನಿನ ಕಡೆ ನೋಡಿದರು. ರೆವರೆಂಡ್ ಗಂಟಲು ಸರಿಮಾಡಿಕೊಂಡು, "ಆಮೆನ್. ಮುಂದೆ ಗೀತೆ, ಸಿಸ್ಟರ್ ಡೇರಿಯಾ ಮಾಟ್ಲಿ ಅವರಿಂದ" ಎಂದರು. ಆ ಮಾತು ಕೂಡ ಕೆಳಗೆ ನೆಲವಿಲ್ಲದಂತೆ ಬಿದ್ದಿತು.

ಡೇರಿಯಾ ರೇಡಿಯೋದಲ್ಲಿ ಹೆಸರಾದವಳು, ಒಳ್ಳೆಯ ಗಂಟಲು. ಅವಳು ಹಾಡಬೇಕಿದ್ದದ್ದು ಕ್ಲೀವನ್‌ನ ಎಲ್ಲಕ್ಕಿಂತ ದೊಡ್ಡ ಹಾಡು, 'ಕಾಟೇಜ್ ಗ್ರೋವ್ ಬಸ್ಸು'. ಅದು ಶುರುವಾಗುವುದು ಟ್ರಾಂಬೋನಿನಿಂದ. ನಾಲ್ಕು ಸ್ವರ, ಮೂರು ಆವರ್ತನ. ನಾಲ್ಕನೆಯ ಆವರ್ತನ ಬರುತ್ತದೆ ಅಂದುಕೊಂಡಾಗ ಒಂದು ಬಡಿತ ಖಾಲಿ. ಆ ಖಾಲಿಯೊಳಕ್ಕೆ ಗಾಯಕ ಕಾಲಿಡುತ್ತಾನೆ. ಮದುವೆಗಳಲ್ಲಿ ಜನ ಕುಣಿಯಲು ಏಳುವುದು ಆ ನಾಲ್ಕು ಸ್ವರಕ್ಕೇ. ಹಾಡಿನ ಮಾತು ಅರ್ಧ ಜನಕ್ಕೆ ನೆನಪಿರುವುದಿಲ್ಲ. ಆರ್ಗನ್ನಿನಲ್ಲಿ ಆ ಸ್ವರಗಳನ್ನು ಥ್ಯಾಡ್ ನುಡಿಸಬೇಕಿತ್ತು.

ಡೇರಿಯಾ ಮೈಕು ಹಿಡಿದು ಕಾದಳು. ನೋಡಿದಳು. ಕೊನೆಗೆ ತಾನೇ ಶುರುಮಾಡಿದಳು. ಎರಡನೆಯ ಸಾಲಿಗೆ ಗಾಯನವೃಂದ ಸೇರಿಕೊಂಡಾಗ ಅರ್ಧ ಮಂದಿ ಒಂದು ಬಡಿತ ಮುಂದೆ, ಅರ್ಧ ಮಂದಿ ಹಿಂದೆ. ಅವಳು ನಿಲ್ಲಿಸಿದಳು. ಮತ್ತೆ ಹಿಡಿದಳು. ಮತ್ತೆ ಅದೇ ಜಾಗದಲ್ಲಿ ಮುಗ್ಗರಿಸಿತು. ಎಂಟುನೂರು ಜನಕ್ಕೆ ಬಾಯಿಪಾಠವಾಗಿದ್ದ ಹಾಡು ಅದು. ಎಲ್ಲಿ ಒಳಹೋಗಬೇಕೆಂದು ಒಬ್ಬರಿಗೂ ಗೊತ್ತಾಗಲಿಲ್ಲ.

"ಬ್ರದರ್ ಗ್ರೇವ್ಲಿ" ಎಂದರು ರೆವರೆಂಡ್ ತಗ್ಗಿದ ದನಿಯಲ್ಲಿ. "ಮೈ ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ."

"ಮತ್ತೆ ನುಡಿಸಪ್ಪ."

ಥ್ಯಾಡ್ ದನಿ ಏರಿಸಲಿಲ್ಲ. ಏರಿಸುವ ಅಗತ್ಯವೂ ಇರಲಿಲ್ಲ, ಅಷ್ಟು ಸದ್ದಡಗಿತ್ತು. "ತಾನೇ ಮಾಡ್ಕೊಳ್ತಿದ್ದ ಅಂತ ಇದರಲ್ಲಿ ಬರೆದಿದೆ, ರೆವರೆಂಡ್. ಮಾಡ್ಕೊಳ್ಲಿ."

ಹಿಂದಿನ ಸಾಲಿನಲ್ಲಿ ಒಬ್ಬಳು "ಓ ದೇವರೇ" ಅಂದಳು. ಹೋಬರ್ಟ್ ಮಾತ್ರ ತೊಡೆ ತಟ್ಟಿ, "ಹೇಳು, ಥ್ಯಾಡ್! ಹೇಳು!" ಎಂದು ಪಾದ್ರಿಯ ಉಪದೇಶದ ನಡುವೆ ಜನ ಹುರಿದುಂಬಿಸಿ ಕೂಗುವಂತೆ ಕೂಗಿದ.

ಮುಂದಿನ ಸಾಲಿನಿಂದ ಅರ್ಲೀನ್ ಕುಳಿತಲ್ಲಿಂದಲೇ, ತಿರುಗದೆ, ಹೇಳಿದಳು: "ಹೆಣದ ಮುಂದೆ, ಥಡಿಯಸ್? ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ, ಅರ್ಲೀನ್. ಮೂವತ್ತಾರು ವರ್ಷದಿಂದ ಆಗ್ತಿದೆ. ನಿನ್ನ ಅಡುಗೆಮನೇಲಿ ಆ ನಾಲ್ಕು ಸ್ವರ ಬರೆದೆ. ನೀನು ಮೀನು ಕರೀತಿದ್ದೆ. ಆ ಸದ್ದಿಗೆ ನಂಗೆ ಎಣಿಕೆ ತಪ್ಪಿ ಮೂರೇ ಆವರ್ತನ ಆಯ್ತು. ತಿದ್ದೋಕೆ ಹೋದೆ. 'ಬಿಡು, ಹಾಗೇ ಚೆನ್ನಾಗಿದೆ' ಅಂದೋಳು ನೀನು. ಅಂದ್ಯೋ ಇಲ್ವೋ?"



ನಾನು ಎದ್ದೆ. ವರದಿಗಾರರು ಏಳಬಾರದು, ಅದು ನನಗೆ ಗೊತ್ತಿದೆ. ಬ್ಯಾಗಿನಲ್ಲಿ ಟೈಪು ಮಾಡಿದ ಮೂಲ ಹಾಳೆಯ ಪ್ರತಿ ಇತ್ತು. "ಕ್ಲೀವನ್ ಜನವರಿ ಹದಿನಾಲ್ಕರಂದು ಹೇಳಿ ಬರೆಸಿದ ವಾಕ್ಯ ನನ್ನ ಹತ್ರ ಇದೆ. ಓದ್ತೀನಿ" ಎಂದೆ.

"ನೀನು ಕೂತ್ಕೋ" ಎಂದಳು ಅರ್ಲೀನ್. ಎದ್ದು ನಿಂತಳು. "ನನ್ನ ಗಂಡನ ಮಾತನ್ನ ಪೇಪರಿನೋರು ಓದೋದು ಬೇಡ. ಕೊಡಿಲ್ಲಿ."

ಹಾಳೆ ಮೂರು ಸಾಲು ದಾಟಿ ಕೈಯಿಂದ ಕೈಗೆ ಹೋಯಿತು. ಅವಳು ಹರಿದುಹಾಕುತ್ತಾಳೆ ಅಂದುಕೊಂಡೆ. ಕನ್ನಡಕ ಹುಡುಕಲಿಲ್ಲ, ಹಾಳೆಯನ್ನು ತೋಳಿನುದ್ದಕ್ಕೆ ಹಿಡಿದು, ಶವಪೆಟ್ಟಿಗೆಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ ಓದಿದಳು. ಅಂಗಡಿಯಲ್ಲಿ ಕೆಟ್ಟ ಸಾಮಾನು ವಾಪಸು ಕೊಡುವವರ ದನಿ. ಆದರೆ ಒಂದು ಪದವನ್ನೂ ನುಂಗಲಿಲ್ಲ. "ಇಪ್ಪತ್ತಮೂರು" ಎಂದಳು, "ಥಡಿಯಸ್ ಗ್ರೇವ್ಲಿ" ಎಂದಳು, "ಕ್ಲೀವನ್ ಹಾಡಿದ" ಎಂದಳು. "ಅಷ್ಟೆ" ಎನ್ನುವಲ್ಲಿ ಅವಳ ದನಿ ಒಡೆಯಿತು.

"ಆಯ್ತಾ?" ಎಂದಳು ಆರ್ಗನ್ನಿನ ಕಡೆಗೆ. "ಹೊಟ್ಟೆ ತಣ್ಣಗಾಯ್ತಾ? ಈಗ ನುಡಿಸು."

ಯಾರೂ ಆಮೆನ್ ಅನ್ನಲಿಲ್ಲ. ಥ್ಯಾಡ್ ಕೈ ಎತ್ತಿ ಆ ನಾಲ್ಕು ಸ್ವರ ನುಡಿಸಿದ, ಮೂರು ಆವರ್ತನ. ಖಾಲಿ ಬಡಿತಕ್ಕೆ ಹೋಬರ್ಟ್‌ನ ಪಾದ ನೆಲಕ್ಕೆ ಬಿತ್ತು. ಡೇರಿಯಾ ಸರಿಯಾಗಿ ಒಳಗೆ ಬಂದಳು. ಹಾಡು ಪೂರ್ತಿಯಾಯಿತು, ಉಪದೇಶವೂ ಆಯಿತು. ಥ್ಯಾಡ್ ಒಂದು ಸಂದನ್ನೂ ಬಿಡದೆ ಕೊನೆಯವರೆಗೂ ನುಡಿಸಿದ.

ಸ್ಮಶಾನಕ್ಕೆ ಅವನು ಹೋಗಲಿಲ್ಲ. ನೆಲಮಾಳಿಗೆಯಲ್ಲಿ ಊಟಕ್ಕೆ ಹೆಂಗಸರು ಕರಿದ ಕೋಳಿ, ಸೊಪ್ಪು, ಜೋಳದ ರೊಟ್ಟಿ ಜೋಡಿಸುತ್ತಿದ್ದರು, ಅಲ್ಲಿಗೂ ಇಳಿಯಲಿಲ್ಲ. ಹಿಮ ಮುಚ್ಚಿದ ಕಾರಿನ ಗಾಜನ್ನು ಕೆರೆಯುತ್ತಿದ್ದಾಗ ಅವನನ್ನು ಹಿಡಿದೆ. ಬೇಕಾಗಿದ್ದಕ್ಕಿಂತ ಜೋರಾಗಿ ಕೆರೆಯುತ್ತಿದ್ದ.

"ಅರ್ಲೀನ್ ಹೇಳಿದ್ಲಲ್ಲ, ಥ್ಯಾಡ್. ಎಲ್ರ ಮುಂದೆ" ಎಂದೆ.

"ನಾನು ಕಿತ್ಕೊಂಡಿದ್ದು ಅದು. ಅವ್ಳು ಹೇಳಿದ್ದಲ್ಲ." ಕೆರೆಯುವುದು ನಿಲ್ಲಿಸಲಿಲ್ಲ. "ಮೂವತ್ತಾರು ವರ್ಷಕ್ಕೆ ಒಂದು ವಾಕ್ಯ. ಅದೂ ಸ್ನೇಹಿತನ ಹೆಣ ಅಡ್ಡ ಇಟ್ಕೊಂಡು, ಅವನ ಹೆಂಡ್ತಿ ಅಳೋ ಹಾಗೆ ಮಾಡಿ. ನನ್ನನ್ನ ಇಂಥವನನ್ನಾಗಿ ಮಾಡಿದ್ರು ನೋಡು. ಆ ಸಿಟ್ಟು ಎಲ್ಲಿಗೆ ಹೊತ್ಕೊಂಡು ಹೋಗ್ಲಿ? ಆಮೇಲೆ ನಿನ್ನ ಲೆಕ್ಕ ಬೇರೆ ತಪ್ಪು."

"ಯಾವ ಲೆಕ್ಕ?"

"ಇಪ್ಪತ್ತಮೂರು ಅಲ್ಲ. ಇಪ್ಪತ್ತಾರು. ನೀನು ಪಿಟೀಲು ಇರೋವನ್ನ ಮಾತ್ರ ಎಣಿಸಿದ್ದೀಯ. ಇನ್ನು ಮೂರರಲ್ಲಿ ಬರೀ ಊದುವಾದ್ಯ. ಅವನ್ನ ಯಾರು ಬರೆದ್ರು ಅಂದ್ಕೊಂಡೆ, ಆ ಮಾಲೀಕನಾ? ಒಂದು ಮಾತು ಕೇಳ್ಬೇಕಿತ್ತು ನನ್ನ. ನೀನೂ ಕೇಳ್ಲಿಲ್ಲ."

ಅವನು ಹೇಳಿದ್ದು ನಿಜ. ತಟ್ಟೆಗಳನ್ನು ಎಣಿಸಿದ್ದೆ, ಕ್ಲೀವನ್‌ನ ಹತ್ತಿರ ಸರಿಯೇ ಎಂದು ಕೇಳಿದ್ದೆ. ಮೂರೂವರೆ ಅಡಿ ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದವನನ್ನು ಕೇಳಿರಲಿಲ್ಲ.

ಕೈಗವಸು ತೆಗೆದು ಟಿಪ್ಪಣಿ ಪುಸ್ತಕ ಬಿಚ್ಚಿದೆ. "ಆ ಮೂರರ ಹೆಸರು ಹೇಳು" ಎಂದೆ. ಗಾಜು ಕೆರೆಯುತ್ತಲೇ ಹೇಳಿದ. ಪ್ರತಿಯೊಂದಕ್ಕೂ ತಾರೀಖು, ಯಾರು ಯಾವ ವಾದ್ಯ ನುಡಿಸಿದರು ಎಂಬುದರ ಸಮೇತ. ಚಳಿಗೆ ಪೆನ್ನು ಎರಡು ಸಲ ಕೈಕೊಟ್ಟಿತು. ಅವನು ಕಾದ, ಮತ್ತೆ ಮೊದಲಿನಿಂದ ಹೇಳಿದ.

ಗುರುವಾರದ ಪತ್ರಿಕೆಯಲ್ಲಿ ನನ್ನ ವರದಿಯ ಮೊದಲ ವಾಕ್ಯದಲ್ಲೇ ಇಪ್ಪತ್ತಾರು ಎಂದಿತ್ತು.